ಗಿಳಿ ಹೆದರದ ರಾಕು

ಎಂಬತ್ತರ ದಶಕದಲ್ಲಿ ಶ್ರೀನಿವಾಸಪುರದ ಒಂದು ಮಾವಿನ ತೋಪಿಗೆ ಪಂಪ್‌ಸೆಟ್ ರಿಪೇರಿಗೆ ಹೋಗಿದ್ದೆ. ತೋಪಿನ ಯಜಮಾನ ವೆಂಕಟರವಣಪ್ಪ ಗಿಳಿ ಓಡ್ಸೋಕೆ ಹತ್ತು ವರ್ಷ ಹಳೇ ರಾಕ್ ಕ್ಯಾಸೆಟ್ಟನ್ನ ಮೈಕ್‌ಸೆಟ್‌ನಲ್ಲಿ ಹಾಕ್ತಿದ್ದ. ನಾನು ಸುಮ್ನಿರದೆ ಯಾವ್ದೋ ಬಟನ್ ಒತ್ತಿದೆ, ರೀಲು ಕಿತ್ತುಹೋಯ್ತು. ಕೊಯ್ಲಿಗೆ ಎರಡೇ ದಿನ ಇತ್ತು, ಗಿಳಿಗಳು ಕಾಯಿ ಮೇಲೆ ಬಿದ್ವು.

"ನನ್ಹತ್ರ ಲೇಟೆಸ್ಟ್ ರಾಕ್ ಐತೆ," ಅಂತ ಬ್ಯಾಗಿಂದ ತೆಗೆದು ಹಾಕ್ದೆ. ಅದ್ರಲ್ಲಿ ಬಡೀತಿದ್ದದ್ದು ಡ್ರಮ್ಮೋ ಟೈಪ್‌ರೈಟರ್ರೋ ಗೊತ್ತಾಗ್ಲಿಲ್ಲ. ಒಂದು ಗಿಳಿ ಬಂದು ಮೈಕ್‌ಸೆಟ್‌ನ ಹಾರನ್ ಮೇಲೇ ಕೂತ್ಕೊಳ್ತು.

"ಏಮಿ ಸಾಮಿ ಇದು?" ಅಂದ ವೆಂಕಟರವಣಪ್ಪ. "ಹಳೇ ಕ್ಯಾಸೆಟ್ಟಿನವ್ರು ಜೀವ ಹೋಗೋ ಹಂಗೆ ಕಿರುಚ್ತಿದ್ರು. ಇವ್ರು ತಲೆ ಬಾಚ್ಕೊಂಡು ಬಂದವ್ರೆ!"

ಟೇಪ್ ಆಫ್ ಮಾಡಿ, ಪಂಚೆ ಎತ್ತಿ ಕಟ್ಟಿ, ತಾನೇ ಮೈಕ್ ಹಿಡ್ದು ಕಿರುಚಿದ. ತೋಪೆಲ್ಲಾ ಖಾಲಿ.

ಆ ದಶಕದಲ್ಲಿ ನಾನು ಕೇಳಿದ ಒಳ್ಳೇ ರಾಕ್ ಅದೊಂದೇ.