ಮೊದಲ ಗೇರಿನ ಹಲ್ಲುಗಳು

ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದು ಕಾಲು ಸೋತ ಮೇಲೆ ನನ್ನ ಹೆಂಡತಿಗೆ ಬೈಕಿನ ಹಿಂದೆ ಕೂರುವುದು ಆಗದ ಮಾತಾಯಿತು. ಇಪ್ಪತ್ತು ವರ್ಷ ನನ್ನ ಹೆಗಲು ಹಿಡಿದು ಶಾಲೆಗೆ ಹೋಗಿ ಗಣಿತ ಕಲಿಸಿ ಬಂದವಳು. ಕಾರಿನಲ್ಲಿ ಕರೆದೊಯ್ದರೆ, "ಗಾಳೀನ ಬಡಿಯೂದಿಲ್ರಿ ಇದ್ರಾಗ," ಎನ್ನುತ್ತಿದ್ದಳು.

ಅದಕ್ಕೇ ಹಳೆಯ ಬೈಕಿನ ಪಕ್ಕಕ್ಕೆ ಅವಳು ಒರಗಿ ಕೂರಲು ಸೈಡ್‌ಕಾರ್ ಕೂಡಿಸಿದೆ. ಗೋಪನಕೊಪ್ಪದ ರಸ್ತೆಗಳಲ್ಲಿ ಚೆನ್ನಾಗಿಯೇ ಓಡಿತು. ಅವಳು ನೋಡಬೇಕೆಂದಿದ್ದ ನೃಪತುಂಗ ಬೆಟ್ಟದ ಏರಿನಲ್ಲಿ ಮಾತ್ರ ಮೊದಲ ಗೇರಿನಲ್ಲೂ ಎಳೆಯಲಾರದೆ ನಿಂತುಬಿಟ್ಟಿತು. ಅರ್ಧದಿಂದ ವಾಪಸಾದೆವು.

ಬೆಂಗೇರಿಯ ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ ಮೊದಲ ಗೇರಿನ ಎರಡು ಹಲ್ಲುಚಕ್ರ ತೋರಿಸಿದ. "ಸಣ್ಣದಕ್ಕ ಹದಿಮೂರು ಹಲ್ಲು, ದೊಡ್ಡದಕ್ಕ ಮೂವತ್ತೈದು. ಸಣ್ಣದ್ರಾಗ ಒಂದು ಕಡಿಮಿ, ದೊಡ್ಡದ್ರಾಗ ಒಂದು ಹೆಚ್ಚು ಮಾಡೂಣ್ರಿ ಸರ್ರ."

ಒಂದು ಹಲ್ಲಿನಿಂದ ಏನಾದೀತು? ಮನೆಯಲ್ಲಿ ಹೇಳಿದಾಗ ಅವಳು ಮಲಗಿದಲ್ಲೇ ಪೆನ್ನು ಕೇಳಿ, ಔಷಧದ ಚೀಟಿಯ ಹಿಂದೆ ಲೆಕ್ಕ ಹಾಕಿದಳು.

"ಈಗ ಸಣ್ಣದು ಮೂರು ಸುತ್ತು ತಿರುಗೂದ್ರಾಗ ದೊಡ್ಡದು ಒಂದು ಸುತ್ತಿಗಿಂತ ಚೂರು ಹೆಚ್ಚ ತಿರಗತೈತಿ. ಹನ್ನೆರಡು, ಮೂವತ್ತಾರು ಆದ್ರ ಬರೋಬ್ಬರಿ ಮೂರಕ್ಕ ಒಂದು. ಓಟ ಕಡಿಮಿ ಆಗತೈತಿ, ಎಳಿಯೂ ಶಕ್ತಿ ಹೆಚ್ಚಾಗತೈತಿ. ತಿಳೀತೇನ್ರಿ?"

ತಿಳಿಯಿತು. ಬಹಳ ದಿನದಿಂದ ಕಾಣದ ಕಳೆ ಅವಳ ಮುಖದಲ್ಲಿತ್ತು.

ಹೊಸ ಜೋಡಿ ಮಾಡಿಸಿ ಹಾಕಿಸಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಅವಳ ನೋವು ಎಷ್ಟು ಬೆಳೆದಿತ್ತೆಂದು ನಾನು ಕೇಳಲಿಲ್ಲ. ದಿನವೂ ಗೇರಿನ ಸುದ್ದಿಯನ್ನೇ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಅವಳನ್ನು ಎತ್ತಿ, ದಿಂಬು ಒತ್ತಿಟ್ಟು ಕೂರಿಸಿ ಹೊರಟೆ. ಹಿಂದೆ ಸೋತಿದ್ದ ಏರನ್ನು ಬೈಕು ತಡವರಿಸದೆ ಏರಿತು.

"ನೋಡಿಲ್ಲೆ, ಹೆಂಗ ಎಳಿಯಾಕತ್ತೈತಿ!" ಎಂದು ಕೂಗಿದೆ.

"ಸಾಕ್ರಿ, ಮನಿಗಿ ಹೋಗೂಣ್ರಿ," ಎಂದಳು.

ಹೆದರಿದ್ದಾಳೆ ಅಂದುಕೊಂಡೆ. "ಇನ್ನೊಂದ ತಿರುವು," ಎಂದು ಮುಂದಕ್ಕೇ ಹೋದೆ. ಮೇಲೆ ನಿಲ್ಲಿಸಿ ನೋಡಿದರೆ, ಸೈಡ್‌ಕಾರಿನ ಅಂಚು ಹಿಡಿದ ಅವಳ ಬೆರಳು ಬಿಳಿಚಿಕೊಂಡಿದ್ದವು. ತುಟಿ ಕಚ್ಚಿಕೊಂಡು ಅಳುತ್ತಿದ್ದಳು. ಪ್ರತಿ ಕುಲುಕಿಗೂ ಬೆನ್ನು ಸೀಳಿದಂತಾಗಿತ್ತಂತೆ.

"ಮೊದಲ ಯಾಕ ಹೇಳಲಿಲ್ಲ?"

"ನೀವು ಭಾಳ ಖುಷಿಯಾಗಿದ್ರಿ."

ಆ ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಸೈಡ್‌ಕಾರ್ ಬಿಚ್ಚಿಸಿದೆ. "ಹಳೇ ಗೇರು ಹಾಕ್ಲೇನ್ರಿ?" ಎಂದು ಮೆಕ್ಯಾನಿಕ್ ಕೇಳಿದಾಗ ಬೇಡವೆಂದೆ.

ಅಂದು ಅವಳು ಮನೆಗೆ ಹೋಗೋಣ ಎಂದದ್ದು ಒಂದೇ ಸಲವೇ ಎಂದು ಈಗಲೂ ಯೋಚಿಸುತ್ತೇನೆ. ಮತ್ತೆ ಅಂದಿದ್ದರೂ ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಕ್ಕಿಲ್ಲ.