ಮ್ಯಾಚ್ ದಿನ ಮೋಟಾರ್ ಬಂದ್

ಸವಣೂರಿನ ಪೇಟೆಯಲ್ಲಿ ಅಣ್ಣ ತಂಗಿ ಇಬ್ಬರೂ ಸೇರಿ ನಡೆಸುವ ಹೊಲಿಗೆ ಅಂಗಡಿ ನಮ್ಮದು. ಮೊದಲು ಅಣ್ಣ ಬಟ್ಟೆ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದ ಮೇಲೆ ಎರಡೂ ಕೆಲಸ ನನ್ನ ತಲೆಗೇ ಬಂದವು. ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ರೇಡಿಯೋ ಹಿಡಿದು ಕೂರುತ್ತಾನೆ. ಕ್ರಿಕೆಟ್ ಇದ್ದ ದಿನವಂತೂ ಊಟಕ್ಕೂ ಏಳುವುದಿಲ್ಲ.

ನನ್ನ ಮಿಷನ್ನಿಗೆ ಮೋಟಾರ್ ಇದೆ, ಬೇಕಾದರೆ ಕಾಲಿನಿಂದಲೂ ತುಳಿಯಬಹುದು. ಮೋಟಾರ್ ಹಾಕಿದೆನೋ, ಅಣ್ಣನ ರೇಡಿಯೋದ ಮೀಡಿಯಂ ವೇವಿನಲ್ಲಿ ಗರ್ರ್ ಅನ್ನುವ ಸದ್ದೊಂದೇ. ಕಾಮೆಂಟರಿ ಹೇಳುವವನು ಅದರಡಿ ಮುಳುಗಿಹೋಗುತ್ತಾನೆ. ಹಾಗಾಗಿ ಮ್ಯಾಚ್ ದಿನ ನಮ್ಮಲ್ಲಿ ಮೋಟಾರ್ ಬಂದ್. ಲಗ್ನದ ಸೀಜನ್ನಿನಲ್ಲಿ ಯಲವಿಗಿಯಿಂದಲೂ ಹೆಂಗಸರು ಸೀರೆಯ ಮೇಲಿನ ಜಂಪರ್ ಹೊಲಿಸಲು ಬರುತ್ತಾರೆ. ಎದುರಿಗೆ ರಾಶಿ ಬಿದ್ದಿರುತ್ತದೆ, ನಾನು ಸೋತ ಕಾಲಿನಲ್ಲಿ ತುಳಿಯುತ್ತಿರುತ್ತೇನೆ. ಮಲಗಿದರೂ ಮೊಣಕಾಲು ಸುಮ್ಮನಿರುವುದಿಲ್ಲ.

“ಅಣ್ಣಾ, ಇದೇನ್ ಅಂಗಡಿಯೋ, ಸ್ಟೇಡಿಯಮ್ಮೋ?” ಎಂದು ಎಷ್ಟೋ ಸಲ ರೇಗಿದ್ದೇನೆ.

“ಇನ್ನೊಂದ್ ನಾಕ್ ಓವರ್ ತಡಿಯವಾ,” ಅನ್ನುತ್ತಾನೆ. ಅವನ ಆ ನಾಲ್ಕು ಓವರ್ ಯಾವತ್ತೂ ಮುಗಿದದ್ದಿಲ್ಲ.

ಆದರೂ ನಾನು ಮೋಟಾರ್ ಹಾಕುತ್ತಿರಲಿಲ್ಲ. ಅದಕ್ಕೆ ಕಾರಣ ಎದುರಿನ ಚಹಾದಂಗಡಿ. ಅಲ್ಲಿ ಎಲ್ಲರೂ ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಾರೆ, ಆದರೆ ಮೊಬೈಲಿಗೆ ಆಟ ತಡವಾಗಿ ಬರುತ್ತದೆ. ಅಣ್ಣನ ರೇಡಿಯೋಕ್ಕೆ ಮೊದಲು. ಅವನು “ಔಟ್!” ಎಂದು ಕೂಗಿದಾಗ ಅವರ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. “ಕಾಕಾ, ಏನಾತ್ರಿ?” ಎಂದು ಎಲ್ಲರೂ ಇತ್ತ ತಿರುಗುತ್ತಿದ್ದರು. ಕಣ್ಣಿದ್ದವರಿಗೆ ನನ್ನ ಅಣ್ಣ ಆಟ ಹೇಳುತ್ತಿದ್ದ. ಕತ್ತರಿ ಕೈಬಿಟ್ಟ ಮೇಲೆ ಅವನ ಮುಖದಲ್ಲಿ ಹಳೇ ಗತ್ತು ಕಂಡದ್ದು ಆಗ ಮಾತ್ರ.

ಈಚೆಗೆ ಸ್ಟೇಷನ್ನೇ ಸರಿಯಾಗಿ ಸಿಗುವುದಿಲ್ಲ. ಓಣಿ ತುಂಬ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್. ಎಲ್ಲವೂ ಬಂದು ರೇಡಿಯೋದೊಳಗೆ ಗುಂಯ್‌ಗುಡುತ್ತವೆ. ಸ್ಟೇಷನ್ನಿನವರು ಬಿಡುವ ಜೋರೇ ಕಡಿಮೆಯಾಗಿದೆ ಎಂದು ರಿಪೇರಿಯವನು ಕೈ ಝಾಡಿಸಿದ. ಶಟರಿಗೆ ತಂತಿ ಕಟ್ಟಿದೆವು, ಮಾಳಿಗೆಯ ಸಲಾಕೆಗೂ ಕಟ್ಟಿದೆವು. ನಾನು ಸ್ಟೂಲ್ ಹತ್ತಿ ರೇಡಿಯೋ ಎತ್ತಿ ಹಿಡಿದರೆ ಮಾತು ಕೇಳುತ್ತದೆ, ಇಳಿಸಿದರೆ ಇಲ್ಲ. ನಾನು ಜಂಪರ್ ಹೊಲಿಯಲೋ, ಕಂಬವಾಗಿ ನಿಲ್ಲಲೋ? ಸಾಕಾಗಿ ಒಂದು ದಿನ, ಮೊಬೈಲಿಗೆ ರೇಡಿಯೋ ಆ್ಯಪ್ ಹಾಕಿಕೊಡುತ್ತೇನೆ ಅಂದೆ.

“ಬ್ಯಾಡ. ಅದು ಎಲ್ಲಾರ ಜೋಡಿನ ಬರ್ತೈತಿ, ಮೊದ್ಲ ಬರಂಗಿಲ್ಲ,” ಅಂದ.

ಒಂದು ಸಂಜೆ, ಕೊನೆಯ ಓವರ್. ಚೆಂಡು ಮೇಲೆದ್ದಿತ್ತು, ಕಾಮೆಂಟರಿಯವನ ದನಿಯೂ ಏರಿತ್ತು, ಅಷ್ಟರಲ್ಲಿ ಸ್ಟೇಷನ್ ಹೋಯಿತು. “ಕಾಕಾ, ಏನಾತ್ರಿ?” ಎಂದು ಆಚೆಯಿಂದ ಕೂಗಿದರು. ಅಣ್ಣ ರೇಡಿಯೋ ಅಲುಗಿಸಿದ. ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. “ಸಿಕ್ಸರ್!” ಎಂದು ಕೂಗಿಬಿಟ್ಟ. ಅವರು ಕುಣಿದರು. ಆಮೇಲೆ ಮೊಬೈಲಿನಲ್ಲಿ ಅದೇ ಚೆಂಡು ಫೀಲ್ಡರನ ಕೈಗೆ ಬಿತ್ತು. ಯಾರೂ ಬೈಯಲಿಲ್ಲ. “ಇರ್ಲಿ ಬಿಡ್ರಿ ಕಾಕಾ,” ಅಂದನೊಬ್ಬ. ಮುಂದಿನ ಮ್ಯಾಚಿನಲ್ಲಿ ಯಾರೂ ಇತ್ತ ತಿರುಗಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು.

ಅವನಿಗೆ ಒಂದು ಮ್ಯಾಚನ್ನಾದರೂ ನೆಟ್ಟಗೆ ಕೇಳಿಸಬೇಕೆಂದು, ಕೆಲಸ ಬಿಟ್ಟು, ಹತ್ತಿಮತ್ತೂರಿನ ಹಿರಿಯಕ್ಕನ ಹೊಲಕ್ಕೆ ಕರೆದೊಯ್ದೆ. ಅಲ್ಲಿ ಹತ್ತಿರದಲ್ಲಿ ಲೈಟಿನ ಕಂಬವೇ ಇಲ್ಲ. ಬದುವಿನ ಮೇಲೆ ಇಟ್ಟದ್ದೇ ತಡ, ರೇಡಿಯೋ ಪಕ್ಕದಲ್ಲಿ ಕೂತವರ ಹಾಗೆ ಮಾತಾಡಿತು. ವಿಕೆಟ್ ಬಿತ್ತು. “ಔಟ್!” ಎಂದು ಅಣ್ಣ ಕೂಗಿದ. ಸುತ್ತ ಗೋವಿನಜೋಳ ಬಿಟ್ಟರೆ ನಾನೊಬ್ಬಳೇ. ನನಗೆ ಆಟ ತಿಳಿಯದು; “ಹೌದಾ?” ಅಂದೆ. ಅವನು ರೇಡಿಯೋ ಬಂದ್ ಮಾಡಿದ.

“ಕೇಳ್ತೈತಿ ಖರೆ. ಹೇಳೂದು ಯಾರಿಗೆ? ನಡಿ, ಮನಿಗೆ ಹೋಗೂಣು.”

ಮುಂದಿನ ಬಸ್ಸಿಗೇ ಊರಿಗೆ ಮರಳಿದೆವು.

ಮೊನ್ನೆ ಮತ್ತೆ ಮ್ಯಾಚ್ ಇತ್ತು. ಚಹಾದಂಗಡಿ ತುಂಬಿತ್ತು. ಅಣ್ಣ ಬೆಂಚಿನ ಮೇಲಿದ್ದ, ರೇಡಿಯೋ ತೊಡೆಯ ಮೇಲೆ ಮಾತಿಲ್ಲದೆ ಬಿದ್ದಿತ್ತು. ನಾನು ರೂಢಿಯಂತೆ ತುಳಿಯುತ್ತಿದ್ದೆ.

“ಮೋಟಾರ್ ಹಾಕ್ಕೋವಾ,” ಅಂದ. “ನಿನ್ನ ಕಾಲಿಗರ ಆರಾಮ ಆಗ್ಲಿ.”

ಈ ಮಾತಿಗಾಗಿ ನಾನು ವರ್ಷಗಟ್ಟಲೆ ಜಗಳವಾಡಿದ್ದೆ. ಕೈ ಸ್ವಿಚ್ಚಿನವರೆಗೆ ಹೋಯಿತು, ಒತ್ತಲು ಮನಸ್ಸಾಗಲಿಲ್ಲ.

“ಕರೆಂಟ್ ಇಲ್ಲಣ್ಣಾ,” ಅಂದೆ.

ಅವನ ನೆತ್ತಿಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅಂಗಿಯ ಕಾಲರ್ ಗಾಳಿಗೆ ಅಲುಗುತ್ತಿತ್ತು. ಅಣ್ಣ ಫ್ಯಾನಿನತ್ತ ಮುಖ ಎತ್ತಿದ. ಆಮೇಲೆ ರೇಡಿಯೋದ ಕಿವಿ ತಿರುವಿ, ಆ ಗೊರಗೊರ ಸದ್ದಿನೊಳಗೆ ಸ್ಟೇಷನ್ ಹುಡುಕತೊಡಗಿದ. ನಾನು ಕಾಲಿನಿಂದಲೇ ತುಳಿದೆ.