ರೆಕಾರ್ಡ್ ಬುಕ್ಕಿನ ಹತ್ತನೇ ಹುಡುಗಿ

ಆ ಸೆಮಿಸ್ಟರಿನಲ್ಲಿ ನನಗೆ ಹತ್ತು ಜನ ಬೇಕಿತ್ತು. ಅರ್ಧ ಗಂಟೆ ಕೂತು ನನ್ನ ಪ್ರಶ್ನಾವಳಿಗೆ ಉತ್ತರ ತುಂಬಿಕೊಡುವ ಹತ್ತು ಜನ. ಮನಃಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಪ್ರಾಕ್ಟಿಕಲ್ ಎಂದರೆ ಅದೇ. ಒಬ್ಬೊಬ್ಬರ ಉತ್ತರ, ಅಂಕ, ವರದಿ ಎಲ್ಲವನ್ನೂ ರೆಕಾರ್ಡ್ ಬುಕ್ಕಿಗೆ ಇಳಿಸಿ ಮಿಸ್ ಹತ್ತಿರ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷ ಹೋದಂತೆಯೇ. ಮನೆಯವರು, ಸಹಪಾಠಿಗಳು ಲೆಕ್ಕಕ್ಕಿಲ್ಲ. ನಾವೇ ತುಂಬಿಕೊಳ್ಳುವ ಮಾತಂತೂ ಎತ್ತಲೇಬಾರದು.

ಜನರನ್ನು ಹುಡುಕಲು ಪುರುಸೊತ್ತು ಎಲ್ಲಿತ್ತು? ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾಟಿಸ್ಟಿಕ್ಸ್, ಅದರ ಹಿಂದೆಯೇ ಮೆದುಳಿನ ಪಾಠ, ಮಧ್ಯಾಹ್ನ ಯಾರದೋ ಸೆಮಿನಾರು, ಸಂಜೆ ಕಾಕ್ಕನಾಡಿನ ಒಂದು ಶಾಲೆಯಲ್ಲಿ ಇಂಟರ್ನ್‌ಶಿಪ್. ಬಸ್ಸಿನಲ್ಲಿ ನೇತಾಡಿಕೊಂಡು ಪಾಲಾರಿವಟ್ಟಂನ ಹಾಸ್ಟೆಲ್ ಸೇರುವಷ್ಟರಲ್ಲಿ ಹೆಣವಾಗಿರುತ್ತಿದ್ದೆ. ದಿನವಿಡೀ ಮನಸ್ಸಿನ ಬಗ್ಗೆಯೇ ಪಾಠ. ನನ್ನ ಮನಸ್ಸು ಹೇಗಿದೆ ಎಂದು ಕೇಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜೆರಾಕ್ಸ್ ಅಂಗಡಿಯ ಅಕ್ಕ, ಹಾಸ್ಟೆಲ್ ವಾರ್ಡನ್ ಎಂದು ಸಿಕ್ಕಸಿಕ್ಕವರ ಕೈಕಾಲು ಹಿಡಿದು ಒಂಬತ್ತು ಜನರನ್ನು ಮುಗಿಸಿದೆ. ಹತ್ತನೆಯವಳು ಅಪ್ಪ ಅಮ್ಮ ಇರುವ ತಿರುವನಂತಪುರದವಳು. ಪಟ್ಟಂನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಾಕೆ. ಭಾನುವಾರ ಬಾ ಎಂದಿದ್ದಳು. ಹೋದರೆ ಮಹಾತಾಯಿ ಬೀಗ ಜಡಿದು ಯಾವುದೋ ಮದುವೆಗೆ ಹೊರಟುಹೋಗಿದ್ದಳು. ಸಹಿಗೆ ಸೋಮವಾರವೇ ಕೊನೆಯ ದಿನ.

"ಯಾಕೇ ಪುಟ್ಟಿ, ಮುಖ ಇಷ್ಟೊಂದು ಬಾಡಿದೆ?" ಎಂದರು ಅಮ್ಮ.

"ಚೆನ್ನಾಗೇ ಇದೀನಮ್ಮ, ಸುಮ್ನಿರು ನೀನು."

ಬೇರೆ ಏನು ಹೇಳಲಿ? ಈ ವಿಷಯವೇ ಬೇಕು ಎಂದು ಎರಡು ದಿನ ಊಟ ಬಿಟ್ಟು ಹಟ ಹಿಡಿದವಳು ನಾನು. ಅಲ್ಲೇ ಕೇಂದ್ರ ಸರ್ಕಾರದ ಆಫೀಸಿನಲ್ಲಿರುವ ಅಪ್ಪ, "ಊರೋರ ಗೋಳು ಕೇಳೋದಕ್ಕೂ ಡಿಗ್ರಿ ಬೇಕೇನೇ?" ಎಂದು ಆಗಲೇ ನಕ್ಕಿದ್ದರು. ನನ್ನ ಗೋಳನ್ನು ಅವರ ಮುಂದೆ ಹೇಳಿಕೊಳ್ಳುವುದು ನನ್ನಿಂದ ಆಗದ ಮಾತಾಗಿತ್ತು.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಮರಳುವ ರೈಲಿನಲ್ಲಿ ಖಾಲಿ ಪ್ರಶ್ನಾವಳಿ ತೆಗೆದೆ. ಹೆಣ್ಣು, ಇಪ್ಪತ್ತೆರಡು ವರ್ಷ, ವಿದ್ಯಾರ್ಥಿನಿ ಎಂದು ಒಬ್ಬಳನ್ನು ಹುಟ್ಟಿಸಿದೆ. ಎಲ್ಲರಿಗೂ ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತನ್ನು ನನ್ನಷ್ಟಕ್ಕೇ ಗೊಣಗಿಕೊಂಡೆ: ಇದರಲ್ಲಿ ಸರಿ ತಪ್ಪು ಇಲ್ಲ, ಅನ್ನಿಸಿದ್ದನ್ನು ಗುರುತು ಮಾಡಿ. ಯೋಚಿಸಿ ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಅನ್ನ ರುಚಿಸುತ್ತದೆಯೇ? ಇಲ್ಲ. ಕಾರಣವಿಲ್ಲದೆ ಅಳು ಬರುತ್ತದೆಯೇ? ದಿನಾ. ಬೆಳಿಗ್ಗೆ ಏಳುವುದೇ ಬೇಡ ಎನಿಸುತ್ತದೆಯೇ? ಹೌದು. ಕೊಲ್ಲಂ ದಾಟುವಷ್ಟರಲ್ಲಿ ಮುಗಿಯಿತು. ಅಂಕ ಕೂಡಿದೆ. 'ತೀವ್ರ ಖಿನ್ನತೆ' ಎಂದು ಬಂತು. ಅದಕ್ಕೆ ಬರೆಯಬೇಕಾದ ಸಾಲು ಬಾಯಿಪಾಠವಾಗಿತ್ತು: ಈ ವ್ಯಕ್ತಿಗೆ ತಕ್ಷಣ ನೆರವು ಅಗತ್ಯ. ಬರೆದು, ಪೀಡೆ ಕಳೆಯಿತು ಎಂದು ಬುಕ್ಕು ಮುಚ್ಚಿದೆ.

ಮಿಸ್ ಒಂಬತ್ತು ಪುಟಗಳಿಗೆ ಸರಸರನೆ ಸಹಿ ಹಾಕಿದರು. ಹತ್ತನೆಯದಕ್ಕೆ ಪೆನ್ನು ನಿಂತಿತು. ಅವರು ನಮ್ಮನ್ನೆಲ್ಲ ಮಲಯಾಳದಲ್ಲಿ 'ಮೋಳೇ', ಮಗಳೇ, ಎಂದೇ ಕರೆಯುವುದು.

"ಮೋಳೇ, ಈ ಹುಡುಗಿ ಈಗ ಎಲ್ಲಿದ್ದಾಳೆ?"

"ಇದಾಳೆ ಮಿಸ್... ಹಾಸ್ಟೆಲ್‌ನಲ್ಲಿ."

"ತಕ್ಷಣ ನೆರವು ಬೇಕು ಅಂತ ನೀನೇ ಬರೆದಿದ್ದೀಯ. ಯಾರಿಗೆ ತೋರಿಸಿದೆ? ಇಂಥವಳನ್ನ ಒಬ್ಬಳನ್ನೇ ಬಿಟ್ಟು ಬಂದೆಯಾ? ಕೊಡು, ನಂಬರ್ ಕೊಡು."

ಅವರು ಆಗಲೇ ಫೋನು ಕೈಗೆತ್ತಿಕೊಂಡಿದ್ದರು. ಊರಿಗೆ ಹೋದಳು ಎಂದಿದ್ದರೆ ಸಾಕಿತ್ತು. ಆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹುಡುಗಿಗಾಗಿ ಒಬ್ಬರು ಇಷ್ಟು ಗಾಬರಿಯಾಗಿದ್ದಾರಲ್ಲ ಎಂದು ನನಗೆ ದುಃಖ ಒತ್ತರಿಸಿಕೊಂಡು ಬಂತು.

"ಮಿಸ್, ಅದು ನಾನೇ."

ಅವರು ಪೆನ್ನಿಗೆ ಕ್ಯಾಪು ಹಾಕಿದರು. "ಇದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು ಮಿಸ್."

"ಉತ್ತರಗಳೂ ಸುಳ್ಳಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಬುಕ್ಕನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಎಳೆದರು. "ಇಲ್ಲಿ ಕೂತ್ಕೋ. ನನ್ನೆದುರಿಗೇ ಮನೆಗೆ ಫೋನ್ ಮಾಡು."

ಒಂದೇ ರಿಂಗಿಗೆ ಅಮ್ಮ ಎತ್ತಿದರು. "ಸಹಿ ಆಯ್ತೇನೇ?"

"ಇಲ್ಲಮ್ಮ. ವರ್ಷ ಹೋಗತ್ತೇನೋ."

"ಅಯ್ಯೋ, ಹೋದ್ರೆ ಹೋಗ್ಲಿ ಬಿಡು ಅತ್ಲಾಗೆ. ನೀನು ಚೆನ್ನಾಗಿದೀಯ ತಾನೇ?"

ಬಾಯಿಗೆ ಬಂದದ್ದು ಮಾಮೂಲಿ ಉತ್ತರವೇ. ನುಂಗಿಕೊಂಡೆ.

"ಇಲ್ಲಮ್ಮ. ಚೆನ್ನಾಗಿಲ್ಲ. ತುಂಬ ದಿನ ಆಯ್ತು."

ಆ ಕಡೆಯಿಂದ ಬೀರು ತೆಗೆದ ಶಬ್ದ, ಬೀಗದ ಕೈ ಗೊಂಚಲಿನ ಶಬ್ದ.

"ಸಿಕ್ಕಿದ ರೈಲಿಗೆ ಬರ್ತಿದೀನಿ. ಅಲ್ಲೇ ಇರು ಪುಟ್ಟಿ, ಎಲ್ಲೂ ಹೋಗ್ಬೇಡ."